ಇದು ಟೈಪ್‌ರೈಟರ್ ಅಲ್ಲ

ರಾತ್ರಿ ಎರಡೂಮುಕ್ಕಾಲು. ಮಂಜೇಶ್ವರದ ಐಸ್ ಪ್ಲಾಂಟಿನಿಂದ
ಪೊಡಿಯಬ್ಬನ ಫೋನು:
'ಟೀಚರೇ, ಪರದೆಯಲ್ಲಿ ಎಂತದೋ ಬಂದುಂಟು.'
ಓದಿ, ಅಂದೆ.
ಕುಂಜತ್ತೂರಿನ ಶಾಲೆಯಲ್ಲಿ ಏಳರವರೆಗೆ ಕಲಿತ ಕನ್ನಡವನ್ನು
ಬೆರಳಿಟ್ಟು ಬೆರಳಿಟ್ಟು ಓದಿದ:
'ತೆರೆಯಲು ಆಗಲಿಲ್ಲ. ಇದು ಟೈಪ್‌ರೈಟರ್ ಅಲ್ಲ.'

ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ.
ಅವನ ಬೆನ್ನ ಹಿಂದೆ ಕಂಪ್ರೆಸರಿನ ಸದ್ದೂ ಇರಲಿಲ್ಲ.
'ಇಲ್ಲಿ ಟೈಪ್‌ರೈಟರ್ ಯಾವತ್ತೂ ಇರಲಿಲ್ಲವಲ್ಲ ಟೀಚರೇ.
ಬೇಕಿದ್ದರೆ ಸಬ್ ರಿಜಿಸ್ಟ್ರಾರ್ ಆಫೀಸಿನ ಎದುರು ಒಂದುಂಟು,
ಅವನು ಬರುವಾಗ ಹತ್ತು ಗಂಟೆ.'

ಒಳಗೆ ನಲವತ್ತು ಪೆಟ್ಟಿಗೆ ಬಂಗುಡೆ.
ಉಪ್ಪಳದಿಂದ ಸ್ಕೂಟರಿನಲ್ಲಿ, ಅಗೆದು ಹಾಕಿದ ಹೈವೇಯ ಮೇಲೆ,
ದಾರಿಯುದ್ದಕ್ಕೂ ಅದೇ ವಾಕ್ಯ ನನ್ನನ್ನು ಓದುತ್ತಿತ್ತು.

ವಾಕ್ಯ ನನ್ನದೇ.
ಬೇಸಿಗೆ ರಜೆಯಲ್ಲಿ ಕೂತು
ಕರ್ನೆಲ್ಲಿನ ನೂರ ಮೂವತ್ತು ಚಿಲ್ಲರೆ 'ಇಲ್ಲ'ಗಳನ್ನು
ಒಂದೊಂದಾಗಿ ಕನ್ನಡಕ್ಕೆ ತಂದವಳು ನಾನು.
ಎರಡು: ಅಂಥ ಕಡತ ಇಲ್ಲ. ಹದಿಮೂರು: ಅನುಮತಿ ಇಲ್ಲ.
ಇಪ್ಪತ್ತೈದರ ಪಕ್ಕ ಯಾವುದೋ ಕಾಲದ ಯಾರೋ
ಟೈಪ್‌ರೈಟರ್ ಅಲ್ಲ ಎಂದು ಬರೆದಿಟ್ಟಿದ್ದರು.
ನಗು ಬಂತು, ಹಾಗೇ ಇಟ್ಟೆ.
ಬೋರ್ಡು ರಶೀದಿ ಎಲ್ಲ ಮಲಯಾಳದಲ್ಲಿರುವ ಆ ಕೋಣೆಯಲ್ಲಿ
ಪೊಡಿಯಬ್ಬನಿಗೆಂದೇ ಒಂದು ಕನ್ನಡದ ಪರದೆ
ಎಂಬ ಹೆಮ್ಮೆ ಬೇರೆ.

ಆದದ್ದು ಇಷ್ಟು.
ಓಪನ್ ಮೈನಸ್ ಒಂದು ಕೊಟ್ಟು ಕೈಚೆಲ್ಲಿದಾಗ
ಯಾಕೆಂದು ಕರ್ನೆಲ್ ಹೇಳಿಯೇ ಹೋಗಿತ್ತು:
ಎರ್‌ನೋ ಎಂಬ ಗೂಡಿನಲ್ಲಿ ಎರಡು ಇಟ್ಟಿತ್ತು.
ಒಂದೇ ಗೂಡು. ಒಂದೇ ಅಂಕೆ ಹಿಡಿಯುವುದು.
ನಾನೋ, ಅದನ್ನು ಎತ್ತಿಕೊಳ್ಳುವ ಮೊದಲೇ
'ತೆರೆಯಲು ಆಗಲಿಲ್ಲ' ಎಂದು ದಾಖಲೆಗೆ ಬರೆಯಹೊರಟೆ.
ಹಳೇ ಬೋರ್ಡಿನ ಪ್ರಿಂಟ್‌ಎಫ್, ಅದರ ಅಭ್ಯಾಸ,
ಬರೆಯುವ ಮುಂಚೆ ದಾಖಲೆಯನ್ನು ಕೇಳಿತು: ನೀನು ಟರ್ಮಿನಲ್ಲಾ?
ಅಲ್ಲ, ಎಂದಿತು ಉತ್ತರ. ಇಪ್ಪತ್ತೈದು.
ಗೂಡಿನಲ್ಲಿದ್ದ ಎರಡು ಎಲ್ಲಿ ಹೋಯಿತೋ.
ನಾನು ಕೈಹಾಕಿದಾಗ ಸಿಕ್ಕಿದ್ದು
ಬೇರೆ ಯಾರದೋ ಪ್ರಶ್ನೆಯ ಉತ್ತರ.
ಮೂರನೇ ಸೆಮಿಸ್ಟರಿನವರಿಗೆ ಇದನ್ನೇ ಪಾಠ ಮಾಡುತ್ತೇನೆ,
ಪ್ರತಿ ವರ್ಷ, ಜುಲೈಯಲ್ಲಿ.

ನಿಜದ ಕಾರಣ ಮೇಜಿನ ಕೆಳಗಿತ್ತು.
ಲೋಡಿಂಗಿನ ಶಿಜು ಮೊಬೈಲ್ ಚಾರ್ಜಿಗೆಂದು ವಯರು ಕಿತ್ತು
ಪಾಪ, ನೆನಪಿಟ್ಟು, ಪುನಃ ಸಿಕ್ಕಿಸಿದ್ದ.
ಆದರೆ ಯುಎಸ್‌ಬಿ ಸೊನ್ನೆ ಹೋಗಿ ಯುಎಸ್‌ಬಿ ಒಂದು ಆಗಿ ಬಂದಿತ್ತು,
ನನ್ನ ಪ್ರೋಗ್ರಾಮು ಹಳೇ ಹೆಸರನ್ನೇ ಹಿಡಿದು ಕರೆಯುತ್ತಿತ್ತು.

ಕಂಪ್ರೆಸರ್ ಶುರುವಾದ ಮೇಲೆ
ಮೀನಿನ ಕ್ರೇಟು ಕವುಚಿ ಕೂತು ತಿದ್ದಿದೆ, ಬೆರಳು ಸೆಡೆದಿತ್ತು.
ಮೊದಲು ಅಂಕೆ ನನ್ನ ಡಬ್ಬಿಗೆ; ಬಾಕಿ ಎಲ್ಲ ಆಮೇಲೆ.
ಏನು ಮಾಡಹೊರಟಿದ್ದೆ, ಯಾವುದರ ಮೇಲೆ, ಯಾಕೆ ಆಗಲಿಲ್ಲ.
ಪೊಡಿಯಬ್ಬ ಚಾ ತಂದು ಹಿಂದೆ ನಿಂತು ಓದಿದ:

'ದೋಷ: ಎರಡನೇ ಕೋಣೆಯ ಚಳಿ ಅಳೆಯಲು
ಯುಎಸ್‌ಬಿ ಸೊನ್ನೆಯನ್ನು ತೆರೆಯಹೋದೆ.
ಆ ಹೆಸರಿನದ್ದು ಇಲ್ಲ. ಎರಡು.
ಕಪ್ಪು ವಯರು ಎರಡು ನಿಮಿಷ ಕಳಚಿಟ್ಟು ಸಿಕ್ಕಿಸಿ ನೋಡಿ.'

'ಎಲ್ಲ ಸರಿ. ದೋಷ ಮಾತ್ರ ಬೇಡ,' ಅಂದ.
'ನಡುರಾತ್ರಿ ಒಬ್ಬನೇ ಅದನ್ನು ಓದಿದರೆ
ನಾನೇ ಎಂತದೋ ಮಾಡಿದ ಹಾಗೆ ಆಗ್ತದೆ.'

ನೂರ ಮೂವತ್ತು ಸಾಲು ಅನುವಾದಿಸಿದವಳಿಗೆ
ಆ ಒಂದು ಪದ ಹೊಳೆದಿರಲಿಲ್ಲ. ತೆಗೆದೆ.
ಹಾಗೇ ಕೆಳಗಿಳಿದು ಇಪ್ಪತ್ತೈದನ್ನೂ ಅಳಿಸಹೋದೆ.

'ಅದು ಇರಲಿ ಟೀಚರೇ,' ಅಂದ ಪೊಡಿಯಬ್ಬ.
'ಯಾರಾದರೂ ಒಂದು ದಿನ
ಟೈಪ್‌ರೈಟರ್ ತಂದು ಸಿಕ್ಕಿಸಿದರೆ?'